ಮಾಂಸ ನಿಮ್ಮದು, ಮೂಳೆ ನಮ್ಮದು

ಕುಸ್ತಿಯ ಗುರು ಸಾತಿಬಾಲ್ಡಿ ನನ್ನ ಕಿವಿ ಹಿಡಿದು ಕುಸ್ತಿಮನೆಯಿಂದ ಹೊರಗೆ ಹಾಕಿದಾಗ ನನಗೆ ಹನ್ನೊಂದು ವರ್ಷ. ಈಗ ನಲವತ್ತೆಂಟು. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸುವ ಮನಸ್ಸೂ ನನಗಿಲ್ಲ. ಎದುರಾಳಿ ಹುಡುಗ ನನ್ನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಸಿರು ಕಟ್ಟಿಸಿದ್ದ; ನಾನು ಕಚ್ಚಿದೆ. ಕೈಕಾಲು ಸಿಕ್ಕಿಬಿದ್ದು ಬಾಯೊಂದೇ ಬಿಡುವಾಗಿದ್ದರೆ ಮನುಷ್ಯ ಇನ್ನೇನು ಮಾಡಬೇಕು? ನರಿನ್ ಊರಿನ ಅರ್ಧ ಜನ ಪಂಕ್ಚರ್ ಹಾಕಿಸಲು ನನ್ನ ಅಂಗಡಿಗೇ ಬರುತ್ತಾರೆ. ಅವರೆಲ್ಲರಿಗೂ ಈ ಪ್ರಶ್ನೆ ಕೇಳಿದ್ದೇನೆ, ಒಬ್ಬರೂ ಉತ್ತರ ಕೊಟ್ಟಿಲ್ಲ.

ಹಾಗಾಗಿ ಕೊನೆಯ ಮಗ ಬಾಯೆಲ್‌ನನ್ನು ಯಾವುದಾದರೂ ಕ್ಲಬ್ಬಿಗೆ ಸೇರಿಸಲು ಹೊರಟಾಗ ಆ ಮುದುಕ ಸಾತಿಬಾಲ್ಡಿಯ ಬೀದಿಗೆ ನಾನು ಕಾಲೇ ಇಡಲಿಲ್ಲ. ಹುಡುಗನಿಗೆ ಆರು ವರ್ಷ. ಬೀದಿಯ ಪುಂಡರು ದಿನಾ ಅವನ ಟೋಪಿ ಕಿತ್ತುಕೊಳ್ಳುತ್ತಿದ್ದರು. ಇವನು ಬರಿತಲೆಯಲ್ಲಿ ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದ. ಮುಂದಿನ ಸೆಪ್ಟೆಂಬರಿಗೆ ಶಾಲೆ. ಹೀಗೇ ಹೆದರಿಕೊಂಡು ಹೋದರೆ ಇವನ ಗತಿಯೇನು ಎಂದು ಹೆಂಡತಿ ಜುಮಾಗುಲ್ ರಾತ್ರಿ ನಿದ್ದೆ ಬಿಟ್ಟಿದ್ದಳು.

ಮೊದಲು ಟೇಕ್ವಾಂಡೋಗೆ ಹೋದೆ. ತರಬೇತುದಾರ ಬಿಳಿ ಹಲ್ಲಿನ ಹುಡುಗ. ಅಲ್ಲಿ ಸೇರಿದ ವಾರಕ್ಕೇ ಪದಕ. ಮೂರು ತಿಂಗಳಿಗೊಮ್ಮೆ ಸೊಂಟದ ಪಟ್ಟಿಯ ಬಣ್ಣ ಬದಲಾಗುತ್ತದಂತೆ. ಒದೆಯಲು ಯಾವಾಗ ಕಲಿಸುತ್ತೀರಿ ಎಂದರೆ ಅದು ಹಳದಿ ಪಟ್ಟಿ ಆದಮೇಲೆ ಎಂದ. ಆಮೇಲೆ ಹೊಸ ಕ್ರೀಡಾಭವನದ ಕುಸ್ತಿ. ಕಟ್ಟಿಸಿಕೊಟ್ಟ ಸಂಸದರ ಚಿತ್ರ ಗೋಡೆಯಷ್ಟೇ ದೊಡ್ಡದು. ನಾನು ನೋಡಿದ ಒಂದು ಗಂಟೆಯಲ್ಲಿ ಮಕ್ಕಳು ಹತ್ತು ನಿಮಿಷ ಕುಸ್ತಿ ಆಡಿದರು, ಉಳಿದ ಹೊತ್ತೆಲ್ಲ ಸಂಸದರು ಬಂದಾಗ ಚಪ್ಪಾಳೆ ಹೊಡೆಯುವ ಅಭ್ಯಾಸ. ಕೊನೆಗೆ ಫುಟ್‌ಬಾಲ್. ಚೆಂಡು ಪಕ್ಕದಲ್ಲೇ ಹೋದರೂ ಮಗ ಅಲುಗಾಡದೆ ನಿಂತದ್ದನ್ನು ಕಂಡು ಆ ತರಬೇತುದಾರ, ಹುಟ್ಟು ಗೋಲ್‌ಕೀಪರ್ ಎಂದು ಹೊಗಳಿದ.

ತಪ್ಪು ಆದದ್ದು ಇಲ್ಲಿ. ಮಗುವನ್ನು ಗುರುವಿಗೆ ಒಪ್ಪಿಸುವಾಗ ನಮ್ಮಲ್ಲಿ ಹೇಳುವ ಮಾತು ಒಂದೇ: ಮಾಂಸ ನಿಮ್ಮದು, ಮೂಳೆ ನಮ್ಮದು. ಅಂದರೆ, ಎಷ್ಟು ಬೇಕಾದರೂ ದಂಡಿಸಿ ತಿದ್ದಿ, ಮೂಳೆಯೊಂದು ಉಳಿಸಿ ಕೊಡಿ. ಎರಡು ಕೈಯಲ್ಲಿ ಅವರ ಕೈ ಹಿಡಿದು ಇದನ್ನು ಹೇಳಿದರೆ ಮಗುವನ್ನು ಕೊಟ್ಟ ಹಾಗೆಯೇ. ವಾಪಸ್ ಪಡೆಯುವುದು ಒಪ್ಪಿಗೆಯಾದ ಮದುವೆ ಮುರಿದಷ್ಟು ಅವಮಾನ. ನಮ್ಮಪ್ಪ ಹೇಳುತ್ತಿದ್ದ ಮಾತು, ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮೂರು ಕಡೆಯೂ ಹೇಳಿಬಿಟ್ಟಿದ್ದೆ.

ಭಾನುವಾರ ಮೂವರೂ ಒಟ್ಟಿಗೇ ಮನೆಗೆ ಬಂದರು. ಗುರುಗಳು ಬಂದರೆ ಕುರಿ ಕಡಿಯಲೇಬೇಕು, ಕಡಿದೆವು. ತಟ್ಟೆ ಬರುವ ಮೊದಲೇ ಜಗಳ ಹತ್ತಿತು. ಮಾತು ಮೊದಲು ಸಿಕ್ಕಿದ್ದು ತನಗೆ, ಮಾಂಸ ತನ್ನದು ಎಂದ ಟೇಕ್ವಾಂಡೋದವನು. ವಿಷಯ ಸಂಸದರ ಕಿವಿಗೂ ಹೋಗಿದೆ ಎಂದ ಕ್ರೀಡಾಭವನದವನು.

‘ಹಂಗಾದ್ರೆ ಕಾಲಾದ್ರೂ ನನಗಿರ್ಲಿ,’ ಎಂದ ಫುಟ್‌ಬಾಲಿನವನು.

ನನ್ನ ತಲೆಗೆ ರಕ್ತ ಏರಿತು. ‘ಚಾಕು ತರ್ತೀನಿ, ಪಾಲು ಮಾಡ್ಕೊಂಡು ಹೋಗಿ,’ ಎಂದೆ.

ಬಾಗಿಲಲ್ಲಿ ನಿಂತಿದ್ದ ಜುಮಾಗುಲ್ ಮೆಲ್ಲಗೆ ಕೇಳಿದಳು: ‘ಪಾಲು ಮಾಡೋಕೆ ಮಗು ಎಲ್ಲಿದಾನ್ರೀ?’

ಅಂಗಳದಲ್ಲಿಲ್ಲ, ಬೀದಿಯಲ್ಲಿಲ್ಲ. ಗುರುಗಳು ಬಂದ ತಟ್ಟೆಗೆ ಕೈಹಾಕಿದರು, ನಾನು ಓಡಿದೆ. ಬೀದಿಯ ಹುಡುಗರನ್ನು ಹಿಡಿದು ಗದರಿದ ಮೇಲೆ, ಟೋಪಿಯನ್ನು ಸಾತಿಬಾಲ್ಡಿಯ ಗೋಡೆಯಾಚೆ ಎಸೆದೆವು ಎಂದು ಬಾಯಿಬಿಟ್ಟರು. ಮೂವತ್ತೇಳು ವರ್ಷದ ಮೇಲೆ ಆ ಬಾಗಿಲು ತಳ್ಳಿದೆ.

ಒಳಗೆ ಹಳೆಯ ಡೇರೆಯ ಕಂಬಳಿ ಹಾಸಿ ಹೊಲಿದ ನೆಲ. ಮುದುಕ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ಜೀವಮಾನದಲ್ಲಿ ಒಬ್ಬ ಚಾಂಪಿಯನ್ನನ್ನೂ ಮಾಡದ ಮನುಷ್ಯ. ಗೋಡೆಯ ಮೇಲೆ ಪದಕ ತೂಗಲು ಒಂದು ಮೊಳೆಯೂ ಇಲ್ಲ. ಹತ್ತು ಹನ್ನೆರಡು ಮಕ್ಕಳು ಬೀಳುತ್ತಿದ್ದರು, ಏಳುತ್ತಿದ್ದರು, ಮತ್ತೆ ಬೀಳುತ್ತಿದ್ದರು. ಅವರ ನಡುವೆ ನನ್ನ ಮಗ. ನಗುತ್ತಿದ್ದ.

‘ಬಾರೋ, ಕಚ್ಚೋನೆ,’ ಎಂದ ಮುದುಕ, ತಿರುಗಿಯೂ ನೋಡದೆ.

‘ನನ್ನ ಮಗನ್ನ ಯಾರನ್ನ ಕೇಳಿ ಸೇರಿಸ್ಕೊಂಡ್ರಿ?’

‘ಅವನನ್ನೇ ಕೇಳ್ದೆ. ಟೋಪಿ ಹುಡುಕ್ಕೊಂಡು ಬಂದ. ಬೀಳೋದು ಕಲೀತೀಯಾ ಅಂದೆ, ಹೂಂ ಅಂದ.’

‘ಬೀಳೋದು ಅವನಿಗೆ ಬರತ್ತೆ. ಗೆಲ್ಲೋದು ಕಲಿಸಿ.’

‘ಬೀಳೋಕೆ ಹೆದರೋನೇ ತಮ್ಮಾ ಕಚ್ಚೋದು.’

ಏನಾದರೂ ತಿರುಗಿಸಿ ಹೇಳಬೇಕೆಂದು ಬಾಯಿ ತೆರೆದೆ. ‘ಕತ್ತಲಾಗೋದ್ರೊಳಗೆ ಕಳಿಸಿ’ ಎಂಬುದಷ್ಟೇ ಬಂತು.

ಮನೆಗೆ ಮರಳುವಷ್ಟರಲ್ಲಿ ಕುರಿ ಮುಗಿದಿತ್ತು, ಮೂವರು ಗುರುಗಳೂ ಒಮ್ಮತಕ್ಕೆ ಬಂದಿದ್ದರು: ಹುಡುಗನ ಮೂಳೆ ಸಣ್ಣದು, ಪ್ರತಿಭೆ ಸಾಲದು, ಅವನನ್ನು ಇನ್ನೊಬ್ಬರಿಗೆ ಉದಾರವಾಗಿ ಬಿಟ್ಟುಕೊಡಲು ಮೂವರೂ ಸಿದ್ಧ. ಬಾಯಿ ಒರೆಸಿಕೊಂಡು ಆಶೀರ್ವಾದ ಮಾಡಿ ಹೋದರು.

ಮಾರ್ಚಿನ ನೂರೂಜ್ ಹಬ್ಬಕ್ಕೆ ಬಾಯೆಲ್ ಮೊದಲ ಸಲ ಜನರ ಎದುರು ಕಣಕ್ಕಿಳಿದ. ಒಂದು ನಿಮಿಷವೂ ನಿಲ್ಲಲಿಲ್ಲ, ಬೆನ್ನಿನ ಮೇಲೆ ಬಿದ್ದ. ಕಣದ ಅಂಚಿನಲ್ಲಿ ಬೀದಿಯ ಆ ಪುಂಡರೂ ನಿಂತಿದ್ದರು. ಇವನು ಎದ್ದ, ಚಡ್ಡಿ ಕೊಡವಿಕೊಂಡ, ಗೆದ್ದವನ ಕೈ ಕುಲುಕಿದ. ಆಮೇಲೆ ಆ ಪುಂಡರ ಹತ್ತಿರವೇ ಹೋಗಿ, ದೊಡ್ಡವನು ಬೆಳಿಗ್ಗೆ ಮತ್ತೆ ಕಿತ್ತುಕೊಂಡಿದ್ದ ತನ್ನ ಟೋಪಿಗೆ ಕೈ ಚಾಚಿದ. ಅವನು ಕೊಟ್ಟ, ಇವನು ತಲೆಗೆ ಹಾಕಿಕೊಂಡ. ಜುಮಾಗುಲ್ ನನ್ನ ತೋಳು ಚಿವುಟಿದಳು.

ಮಗು ಮೊದಲು ಕಣಕ್ಕಿಳಿದ ದಿನ ತಂದೆಯಾದವನು ಗುರುವಿನ ಹೆಗಲಿಗೆ ಚಪಾನ್ ಹೊದಿಸಬೇಕು, ಹೊಸ ಹತ್ತಿ ತುಂಬಿದ ನಿಲುವಂಗಿ. ಸುತ್ತಲಿನ ತಂದೆಯರೆಲ್ಲ ಹೊದಿಸುತ್ತಿದ್ದರು. ನಾನು ಕೈಕಟ್ಟಿ ನಿಂತೆ. ಮೊದಲು ಸಾತಿಬಾಲ್ಡಿ ನನ್ನ ಕಿವಿಯ ಮಾತು ಎತ್ತಲಿ ಎಂದುಕೊಂಡೆ. ಅವನು ಹತ್ತಿರ ಬಂದು, ‘ಚೆನ್ನಾಗಿ ಬಿದ್ದ’ ಎಂದಷ್ಟೇ ಹೇಳಿ ಕುಸ್ತಿಮನೆಯ ಒಲೆ ಆರಿಸಲು ಹೋದ.

ಆ ಬೇಸಿಗೆಯಲ್ಲಿ ಮುದುಕನ ಮಂಡಿ ಹೋಯಿತು; ಅವನ ಮಗಳು ಬಂದು ತನ್ನ ಊರು ಅಟ್-ಬಾಷಿಗೆ ಕರೆದುಕೊಂಡು ಹೋದಳು. ಮಿನಿಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಚಪಾನ್ ಇನ್ನೂ ಹೊಲಿಸಿಲ್ಲ.