ವರ್ನನ್‌ನ ಜೇಬಿನ ಕಾಡತೂಸು
ಅಮೆರಿಕದ ಮೊಂಟಾನಾದ ಒಂದು ಬಂದೂಕಿನಂಗಡಿಗೆ ಪ್ರತಿ ಶನಿವಾರ ಬರುವ ವರ್ನನ್ ಟಟಲ್, ಟೋಪಿ ತೆಗೆಯುವ ಮೊದಲೇ "ನಮ್ದು ಬಂತಾ?" ಎನ್ನುತ್ತಾನೆ. ನಮ್ಮದೆಂದರೆ ಅವನಪ್ಪನ ಬಂದೂಕಿಗೆ ಹೊಂದುವ ಕಾಡತೂಸು. ಅದರ ತಯಾರಿಕೆ ನಿಂತು ನಲವತ್ತು ವರ್ಷವಾಗಿದೆ. ಮತ್ತೆ ಶುರುಮಾಡಿ ಎಂದು ಅವನು ಕಂಪನಿಗೆ ವರ್ಷಕ್ಕೊಂದು ಅರ್ಜಿ ಬರೆಯುತ್ತಾನೆ. ತನ್ನ ಹಲ್ಲು ಕೀಳುತ್ತಿದ್ದ ಡಾಕ್ಟರಿಂದಲೂ ಅದಕ್ಕೆ ಸಹಿ ಹಾಕಿಸಿಕೊಂಡಿದ್ದಾನೆ. "ಬೇರೆ ಕಾಡತೂಸಿನ ಹಿತ್ತಾಳೆ ಚಿಪ್ಪು ಕೊಯ್ದು ನಿನ್ನ ಬಂದೂಕಿನ ಅಳತೆಗೆ ನಾನೇ ಮಾಡ್ಕೊಡ್ತೀನಿ ಮಾರಾಯ," ಎಂದು ಅಂಗಡಿಯ ಡೀನಾ ಅಂದರೆ, "ಇನ್ನೊಬ್ರ ಹಲ್ಲುಸೆಟ್ಟು ಹಾಕ್ಕೊಂಡು ಊಟ ಮಾಡು ಅಂತೀಯಾ?" ಎಂದು ಸಿಡುಕುತ್ತಾನೆ. ಪ್ರತಿ ವರ್ಷ ಬೇಟೆಯ ಕಾಲದಲ್ಲಿ ತನ್ನಲ್ಲುಳಿದ ಒಂದೇ ಕಾಡತೂಸು ತುಂಬಿ, ಜಿಂಕೆಗೆ ಗುರಿಯಿಟ್ಟು, ಕೊನೆಗೆ ಹೊಡೆಯದೆ ಅದನ್ನು ತೆಗೆದು ಜೇಬಿಗಿಳಿಸಿ ಬರಿಗೈಯಲ್ಲಿ ಮರಳುತ್ತಾನೆ. "ಇದನ್ನ ಮಾಡ್ಬೇಡಿ ಅಂತ ಕಂಪನಿಗೆ ಬರೀತಿರೋದು ಆ ಜಿಂಕೆಗಳೇ ಇರ್ಬೇಕು," ಎಂದು ಒಂದು ಶನಿವಾರ ಡೀನಾ ಕೆಣಕಿದಳು. ವರ್ನನ್ ನಕ್ಕು ಜೇಬು ತಡವಿಕೊಂಡ. "ಹೊಸದು ಬರ್ಲಿ, ಹೊಡೀತೀನಿ. ಅಪ್ಪ ಕೈಯಾರೆ ಮದ್ದು ತುಂಬಿದ್ರಲ್ಲಿ ಉಳಿದಿರೋದು ಇದೊಂದೇ."