ತಾವರೆಕೊಳದಲ್ಲಿ ಕಡಲಾಮೆ

ಪಶುವೈದ್ಯಕೀಯ ಓದು ಮುಗಿದ ಮೇಲೆ ಎರಡು ವರ್ಷ ಕಾರವಾರದ ಕಡೆ ಇದ್ದು ಕಡಲಜೀವಿಗಳ ಚಿಕಿತ್ಸೆ ಕಲಿತಿದ್ದೆ. ಮದುವೆಯಾಗಿ ವೈಟ್‌ಫೀಲ್ಡಿಗೆ ಬಂದ ಮೇಲೆ ನನಗೆ ಉಳಿದದ್ದು ನಾಯಿ, ಬೆಕ್ಕು, ಆಗೊಮ್ಮೆ ಈಗೊಮ್ಮೆ ಯಾವುದೋ ಕಂಪನಿಯ ಲಾಬಿಯಲ್ಲಿ ಗಾಜಿನ ತೊಟ್ಟಿಯ ಮೀನು.

ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ. ಬ್ರೂಕ್‌ಫೀಲ್ಡ್ ಹತ್ತಿರದ ವಿಲ್ಲಾ ಒಂದರಿಂದ ಅಲ್ಲಿನ ಮಾಲಿ ಫೋನ್ ಮಾಡಿದ. ಕೊಪ್ಪಳದ ಕಡೆಯವನು, ಐವತ್ತರ ಆಸುಪಾಸು.

"ಆಮಿ ಮೂರು ದಿನದಿಂದ ಏನೂ ತಿನವಲ್ದ್ರಿ. ಒಂದ ಕಡೆ ವಾಲೇತ್ರಿ."

ಹೋಗಿ ನೋಡಿದರೆ ತಾವರೆಕೊಳದಲ್ಲಿ ಊಟದ ತಟ್ಟೆಗಿಂತ ದೊಡ್ಡ ಆಮೆ ಓರೆಯಾಗಿ ತೇಲುತ್ತಿತ್ತು. ಕಾಲುಗಳಲ್ಲಿ ಬೆರಳಿರಲಿಲ್ಲ, ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದವು. ಕಣ್ಣು ಊದಿತ್ತು. ಉಸಿರು ಬಿಟ್ಟಾಗಲೆಲ್ಲ ಮೂಗಿನಲ್ಲಿ ನೊರೆ.

"ಇದು ಕೆರೆ ಆಮೆ ಅಲ್ಲಣ್ಣ, ಸಮುದ್ರದ್ದು."

"ಅಂಗೈಯಷ್ಟಿದ್ದಾಗ ಸಾಹೇಬ್ರು ತಂದಿದ್ರಿ. ನಾನ ಸಾಕೀನಿ. ಅನ್ನ, ಪಾಲಕ್, ಏನ್ ಕೊಟ್ರೂ ತಿಂತಿತ್ತು." ಆಮೇಲೆ ಮೆಲ್ಲಗೆ, "ನಾ ಸಮುದ್ರ ನೋಡಿಲ್ರಿ ಮೇಡಂ" ಎಂದ.

ಮನೆಯ ಯಜಮಾನರು ವಿದೇಶದಲ್ಲಿದ್ದರು. ಫೋನಿನಲ್ಲಿ, "ಫುಲ್ ಫಿಲ್ಟರ್ ನೀರು ಕಣ್ರೀ, ನಾವು ಕುಡಿಯೋದಕ್ಕಿಂತ ಕ್ಲೀನ್!" ಎಂದರು. ಸಿಹಿನೀರೇ ಅದಕ್ಕೆ ಕಾಯಿಲೆ ತಂದಿದೆ, ಇದನ್ನು ಸಾಕುವುದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಲೇಬೇಕು ಎಂದೆ. ಫೋನ್ ಇಟ್ಟುಬಿಟ್ಟರು.

ನಾನೇ ಫೋನ್ ಮಾಡಿದಾಗ ಇಲಾಖೆಯವರು ಮಧ್ಯಾಹ್ನ ಬರುವುದಾಗಿ ಹೇಳಿದರು. ಅಷ್ಟರಲ್ಲಿ ಮಾಲಿ ಎಲ್ಲಿಂದಲೋ ಕಲ್ಲುಪ್ಪಿನ ಚೀಲ ಹೊತ್ತು ತಂದಿದ್ದ.

"ಇದನ್ನ ಹಾಕಿದ್ರ ಆಗ್ತೈತೇನ್ರಿ?"

ಬೇಡವೆನ್ನಲು ಮನಸ್ಸಾಗಲಿಲ್ಲ. ಕಾರಿನಲ್ಲಿ ಮೀನಿನ ತೊಟ್ಟಿಗೆಂದು ಇಟ್ಟುಕೊಂಡಿದ್ದ ಉಪ್ಪಿನ ಜೊತೆ ಅದನ್ನೂ ಬೆರೆಸಿ, ದೊಡ್ಡ ಟಬ್ಬಿನಲ್ಲಿ ಆಮೆಯನ್ನು ಇಳಿಸಿದೆವು. ಇಂಜೆಕ್ಷನ್ ಕೊಟ್ಟೆ. ಶ್ವಾಸಕೋಶದಲ್ಲಿ ಸೋಂಕು ತುಂಬಿತ್ತು. ಕಡಲತೀರಕ್ಕೆ ಒಯ್ಯೋಣವೆಂದರೆ ಇಡೀ ದಿನದ ದಾರಿ, ಆ ಅಲುಗಾಟವನ್ನು ಅದು ತಡೆಯುವಂತಿರಲಿಲ್ಲ. ಇನ್ನು ಮಾಡಲು ನನಗೇನೂ ತೋಚಲಿಲ್ಲ. ಎರಡು ವರ್ಷ ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ಟಬ್ಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಉಸಿರು ಎಣಿಸಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಹೆಚ್ಚುತ್ತಾ ಹೋಯಿತು.

ಮಾಲಿ ಅದರ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ. ಹನ್ನೆರಡರ ಹೊತ್ತಿಗೆ ಉಸಿರು ನಿಂತಿತು. ಅವನು ಕೈ ಬಿಡಲಿಲ್ಲ.

"ಇಲ್ಲೇ ಮಲ್ಲಿಗಿ ಗಿಡದ ಬುಡಕ ಹೂಳ್ತೀನ್ರಿ" ಎಂದ ಕೊನೆಗೆ.

ಅದಕ್ಕೆ ಮಾತ್ರ ಆಗದೆಂದೇ ಹೇಳಬೇಕಾಯಿತು. ದೇಹವನ್ನು ಇಲಾಖೆಗೆ ಒಪ್ಪಿಸಬೇಕಿತ್ತು. ಅದನ್ನು ಕೊಯ್ದು ಪರೀಕ್ಷೆ ಮಾಡಬೇಕಾದವಳೂ ನಾನೇ ಎಂಬುದನ್ನು ಅವನಿಗೆ ಹೇಳಲಿಲ್ಲ.

ಮಧ್ಯಾಹ್ನ ಬಂದ ಇಲಾಖೆಯ ಜೀಪಿಗೆ ಒದ್ದೆ ಗೋಣಿಯಲ್ಲಿ ಸುತ್ತಿ ಹಾಕುವಾಗ ಅವನು ಕೇಳಿದ, "ನಾ ಅನ್ನ ಹಾಕಿದ್ದಕ್ಕ ಸತ್ತೋತೇನ್ರಿ?"

"ಇಲ್ಲಣ್ಣ" ಎಂದೆ. ಆ ಸಾವಿನಲ್ಲಿ ಅನ್ನದ ಪಾಲೂ ಇತ್ತು. ನಾನು ಅವನ ಮುಖ ನೋಡದೆ, ಜೀಪಿನ ಹಿಂದೆ ಹೊರಡಲು ಕಾರು ಹತ್ತಿದೆ.