ಸೋಪುನೀರಿನ ಶೂರ

ಆಕೆಯನ್ನು ಎಲ್ಲರೂ ತಕರಾರಮ್ಮ ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿ ಕೂಡ. ಹುಟ್ಟಿದಾಗ ಅಳುವುದು ಬಿಟ್ಟು ಸೂಲಗಿತ್ತಿಯನ್ನೇ ದುರುಗುಟ್ಟಿ ನೋಡಿದಳು ಎಂದು ಆ ತಾಯಿ, ಹೊಲಿಗೆ ಯಂತ್ರ ತುಳಿಯುತ್ತಲೇ, ಬಂದವರಿಗೆಲ್ಲ ಹೇಳುವಳು. ನಿಜವೋ ಸುಳ್ಳೋ, ಹೆಸರಂತೂ ಅಂಟಿತು.

ಅಂಟಲು ಕಾರಣವೂ ಇತ್ತು. ಮೆಕ್ಯಾನಿಕಲ್ ಓದುವಾಗ, ಜಡೆ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎಂಬ ನೆಪ ಹೇಳಿ ಹುಡುಗಿಯರನ್ನು ಕಾಲೇಜಿನ ವರ್ಕ್‌ಶಾಪಿನಿಂದ ಹೊರಗಿಟ್ಟರು. ಮರುದಿನ ಈಕೆ ತಲೆ ಬೋಳಿಸಿಕೊಂಡು ಬಂದು ಬಾಗಿಲಿಗೆ ಅಡ್ಡ ಕೂತಳು. "ಈಗ ಏನು ಸಿಕ್ಕಿಕೊಳ್ಳುತ್ತೆ ಹೇಳಿ ಸಾರ್, ಕಿವಿಯಾ?" ಬಾಗಿಲು ತೆಗೆಯುವವರೆಗೂ ಏಳಲಿಲ್ಲ.

ಈಗ ಆಕೆಯ ಕೆಲಸ ಮೈಕ್ರೋಕ್ಯಾಥೆಟರ್ ವಿನ್ಯಾಸ ಮಾಡುವುದು. ಹೆಸರು ಭಾರಿಯಾದರೂ ವಸ್ತು ಹೊಲಿಗೆ ಸೂಜಿಯಷ್ಟು ಸಪೂರದ, ಮೊಳಗಟ್ಟಲೆ ಉದ್ದದ ನಳಿಕೆ. ತೊಡೆಸಂದಿಯ ರಕ್ತನಾಳದಲ್ಲಿ ತೂರಿಸಿ, ಕವಲಿನಿಂದ ಕವಲಿಗೆ ತಳ್ಳಿಕೊಂಡು ಹೋಗಿ, ಗೆಡ್ಡೆಗೆ ರಕ್ತ ಉಣಿಸುವ ಸಣ್ಣ ನಾಳವನ್ನು ಹುಡುಕಿ, ಒಳಗಿಂದಲೇ ಅದಕ್ಕೆ ಬಿರಡೆ ಹಾಕಬೇಕು. ಗೆಡ್ಡೆ ಉಪವಾಸ ಬಿದ್ದು ಸಾಯಬೇಕು. ಹೊಟ್ಟೆ ಕೊಯ್ಯುವ ಗೋಜಿಲ್ಲ. ಅಷ್ಟು ದೂರ ತಳ್ಳಲು ನಳಿಕೆಗೆ ಹಿಂದುಗಡೆ ಬೆನ್ನೆಲುಬು ಬೇಕು. ನಾಳವನ್ನು ತಿವಿಯದಂತೆ ಮುಂದುಗಡೆ ನಾಲಿಗೆಯ ಮೆದು ಬೇಕು. ಬೆನ್ನೆಲುಬಿಗೆಂದು ಕೂದಲಿಗಿಂತ ಸಣ್ಣ ಉಕ್ಕಿನ ತಂತಿಯನ್ನು ನಳಿಕೆಯ ಗೋಡೆಯೊಳಗೆ ಹೆಣೆಯುತ್ತಾರೆ.

"ಜಡೆ ಬೋಳಿಸಿಕೊಂಡವಳಿಗೆ ಕೊನೆಗೂ ಜಡೆ ಹೆಣೆಯೋ ಕೆಲಸವೇ ಗತಿಯಾಯ್ತು," ಎಂದು ಗಂಡ ಅಣಕಿಸುತ್ತಿದ್ದ. ಬಸ್ ಡ್ರೈವರ್, ಬಾಯಿಗೆ ಬ್ರೇಕಿಲ್ಲ.

ಕಾರ್ಖಾನೆಯಲ್ಲಿ ಕಿಟಕಿಯ ಪಕ್ಕ ಗಾಜಿನ ತೊಟ್ಟಿಯಿತ್ತು. ಅದರೊಳಗೆ ಪಾರದರ್ಶಕ ರಬ್ಬರಿನಲ್ಲಿ ಮಾಡಿದ ರಕ್ತನಾಳಗಳು, ಬೆಚ್ಚನೆಯ ನೀರು. ರಬ್ಬರಿಗೆ ಗಾಳಿಗುಳ್ಳೆ ಅಂಟಿ ಕಣ್ಣಿಗೆ ಅಡ್ಡ ಬರುತ್ತದೆಂದು ಯಾರೋ ಎಂದೋ ಪಾತ್ರೆ ತೊಳೆಯುವ ಸೋಪನ್ನು ಆ ನೀರಿಗೆ ಬೆರೆಸಿದರು. ಅದೇ ರೂಢಿಯಾಯಿತು. ನಳಿಕೆ ಆ ನೀರಲ್ಲೇ ಹುಟ್ಟಿತು, ಆ ನೀರಲ್ಲೇ ಬೆಳೆಯಿತು, ತಿರುವುಗಳನ್ನೆಲ್ಲ ಹಾವಿನಂತೆ ದಾಟಿ ಎಲ್ಲರ ಕೈಯಲ್ಲೂ ಶಹಬ್ಬಾಸ್ ಅನ್ನಿಸಿಕೊಂಡಿತು.

ಒಂದು ಬೆಳಿಗ್ಗೆ ಸೋಪು ಖಾಲಿ. ಇರಲಿ ಬಿಡು ಎಂದು ತಕರಾರಮ್ಮ ಬರೀ ನೀರಲ್ಲೇ ನಳಿಕೆ ತಳ್ಳಿದಳು. ಎರಡನೇ ತಿರುವಿನಲ್ಲಿ ಅದು ಪಟ್ಟನೆ ಮಡಚಿಕೊಂಡಿತು. ಬೇರೆಯದನ್ನು ತೆಗೆದುಕೊಂಡಳು. ಅದೂ ಅಲ್ಲೇ ಮಡಚಿತು: ತಂತಿಯ ಹೆಣಿಗೆ ಮುಗಿದು ಮೆದು ತುದಿ ಶುರುವಾಗುವ ಜಾಗದಲ್ಲೇ. ತೇಪೆ ಹರಿಯುವುದಿಲ್ಲ, ತೇಪೆಯ ಅಂಚಿನಲ್ಲಿ ಬಟ್ಟೆ ಹರಿಯುತ್ತದೆ. ದರ್ಜಿಯ ಮಗಳಾಗಿ ಇದು ತನಗೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆವತ್ತೇ ಮಧ್ಯಾಹ್ನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಇದೇ ನಳಿಕೆ ಮೊದಲ ಸಲ ರೋಗಿಗಳ ಮೈಯೊಳಗೆ ಹೋಗುತ್ತಿತ್ತು. ತಕರಾರಮ್ಮ ನೇರ ಕಾರ್ಖಾನೆಯ ಯಜಮಾನರ ಕೋಣೆಗೆ ನುಗ್ಗಿದಳು.

"ರಬ್ಬರು ನಾಳಕ್ಕಿಂತ ಅಂಟು ಕಣಮ್ಮಾ," ಎಂದರು ಯಜಮಾನರು. "ಸರಿದೂಗಿಸೋಕೆ ಎಲ್ಲರೂ ಸೋಪು ಹಾಕ್ತಾರೆ."

"ಎಷ್ಟು ಹಾಕಿದ್ರೆ ರಬ್ಬರು ನಾಳ ಆಗುತ್ತೆ ಸಾರ್? ಅಳೆದವರು ಯಾರು? ನಾವು ಕೈಗೆ ಬಂದಷ್ಟು ಸುರೀತಿದ್ವಿ."

"ಅಂಟಿಗೆ ಸಿಕ್ಕಿ ನಿಂತಿರುತ್ತೆ, ಅಷ್ಟೇ."

"ನಿಂತಿದ್ರೆ ನಾನೂ ಸುಮ್ಮನಿರ್ತಿದ್ದೆ. ಮಡಚಿಕೊಳ್ತಿದೆ. ಮಡಚಿದ ನಳಿಕೇಲಿ ಮದ್ದು ಒತ್ತಿದ್ರೆ ಅದು ಎಲ್ಲಿ ಒಡೆಯುತ್ತೋ! ಗೆಡ್ಡೆಗೆ ಹಾಕೋ ಬಿರಡೆ ಒಳ್ಳೇ ನಾಳಕ್ಕೆ ಬಿದ್ರೆ?"

"ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು ತಾಯಿ. ಅವರು ಹೋದ ಮೇಲೆ ಸರಿ ಮಾಡಿಕೋ."

"ಅವರು ಹೋಗೋವಾಗ ಇದನ್ನ ತಗೊಂಡೇ ಹೋಗ್ತಾರಲ್ಲ!"

ಯಜಮಾನರು ಅಂಗಡಿಯಿಂದ ಸೋಪು ತರಿಸಿ, ತಾವೇ ತೊಟ್ಟಿಗೆ ಧಾರಾಳವಾಗಿ ಸುರಿದು, ಡಾಕ್ಟರಮ್ಮನನ್ನು ಎದುರುಗೊಳ್ಳಲು ಗೇಟಿಗೆ ಹೋದರು.

ಇಬ್ಬರೂ ಒಳಗೆ ಬಂದಾಗ ತೊಟ್ಟಿ ಸಿಂಕಿನಲ್ಲಿ ಬೋರಲು ಬಿದ್ದಿತ್ತು. ತಕರಾರಮ್ಮ ರಬ್ಬರಿನ ನಾಳಗಳನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು. ನೊರೆ ಮೊಣಕೈವರೆಗೂ ಏರಿತ್ತು.

"ಏನು ನಡೀತಿದೆ?" ಎಂದರು ಡಾಕ್ಟರಮ್ಮ.

"ಸೋಪು ತೊಳೀತಿದ್ದೀನಿ ಡಾಕ್ಟ್ರೇ. ನಮ್ಮ ನಳಿಕೆ ಸೋಪುನೀರಿನ ಶೂರ. ಬರೀ ನೀರಲ್ಲಿ ಹೇಗೋ ನೀವೇ ನೋಡಿ."

ಯಜಮಾನರ ಮುಖ ಸುಟ್ಟ ಬದನೆಕಾಯಿಯಾಯಿತು. ತಕರಾರಮ್ಮ ತೊಟ್ಟಿಗೆ ಬೆಚ್ಚನೆ ನೀರು ತುಂಬಿ ನಳಿಕೆಯನ್ನು ಡಾಕ್ಟರಮ್ಮನ ಕೈಗಿಟ್ಟಳು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಮಡಚಿತು. ಡಾಕ್ಟರಮ್ಮ ಹಿಂದಕ್ಕೆಳೆದು, ಮಣಿಕಟ್ಟು ತಿರುಗಿಸಿ, ಮತ್ತೆ ತಳ್ಳಿದರು. ಮತ್ತೆ ಮಡಚಿತು.

"ಇದು ನಿಮ್ಮದೇ ಡಿಸೈನಾ?"

"ನಂದೇ."

"ಚೆನ್ನಾಗಿಲ್ಲ."

"ಗೊತ್ತು. ಅದಕ್ಕೇ ತೋರಿಸಿದ್ದು."

ಡಾಕ್ಟರಮ್ಮ ಹೊಗಳಲೂ ಇಲ್ಲ, ನಗಲೂ ಇಲ್ಲ. ನಳಿಕೆಯನ್ನು ಮೇಜಿನ ಮೇಲಿಟ್ಟು, "ಸರಿಯಾದಾಗ ಹೇಳಿ" ಎಂದು ಹೊರಟೇಬಿಟ್ಟರು. ಅವರ ಕಾರು ಗೇಟು ದಾಟುವುದನ್ನೇ ಕಾಯುತ್ತಿದ್ದ ಯಜಮಾನರು ಗುಡುಗಿದರು: "ನಾಳೆಯಿಂದ ನಿನ್ನ ಮುಖ ಇಲ್ಲಿ ತೋರಿಸಬೇಡ!"

ಮನೆಯಲ್ಲಿ ತಾಯಿ ಪ್ಯಾಂಟೊಂದಕ್ಕೆ ತೇಪೆ ಹಾಕುತ್ತಿದ್ದಳು. "ತೆಗೆದುಹಾಕಿದ್ರಾ? ಇಷ್ಟು ದಿನ ಇಟ್ಟುಕೊಂಡಿದ್ದೇ ಅವರ ದೊಡ್ಡ ಮನಸ್ಸು. ಕೈ ತೊಳ್ಕೊ, ಊಟ ಮಾಡು."

"ಬೇರೆ ಕಡೆ ಕೆಲಸ ನೋಡೇ," ಎಂದ ಗಂಡ.

"ಯಾಕ್ರೀ? ಕೆಟ್ಟಿರೋ ನಳಿಕೆ ಅಲ್ಲಿದೆ. ಬೇರೆ ಕಡೆ ಹೋಗಿ ಏನು ರಿಪೇರಿ ಮಾಡ್ಲಿ, ನಿಮ್ಮ ತಲೆನಾ?"

ಮರುದಿನ ಯಜಮಾನರು ಬರುವಷ್ಟರಲ್ಲಿ ಹೆಣೆಯುವ ಯಂತ್ರ ಗರಗರ ಎನ್ನುತ್ತಿತ್ತು. ತಕರಾರಮ್ಮ ತನ್ನ ಸ್ಟೂಲಿನ ಮೇಲೆ ಗೂಟ ಹೊಡೆದಂತೆ ಕೂತಿದ್ದಳು.

"ಬರಬೇಡ ಅಂದಿದ್ದೆ ಅಲ್ವಾ?"

"ನೀವು ಅಂದ್ರಿ. ನಾನು ಹೂಂ ಅಂದ್ನಾ?"

"ವಾಚ್‌ಮನ್‌ನ ಕರೀತೀನಿ."

"ಕರೀರಿ. ಅವನಿಗೆ ಸೊಂಟನೋವು ಪಾಪ, ಒಬ್ಬನ ಕೈಲಿ ಎತ್ತೋಕಾಗಲ್ಲ. ಒಂದು ಕೈ ನೀವೂ ಹಿಡೀಬೇಕಾಗುತ್ತೆ."

ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಕಣ್ಣು ತಾನಾಗಿ ಯಂತ್ರದ ಕಡೆ ಹೋಯಿತು. ತಂತಿಯ ಹೆಣಿಗೆ ಈ ಸಲ ಒಂದೇ ಕಡೆ ಗಕ್ಕನೆ ನಿಲ್ಲುತ್ತಿರಲಿಲ್ಲ. ತುದಿಯ ಕಡೆಗೆ ಸಡಿಲ, ಇನ್ನೂ ಸಡಿಲವಾಗುತ್ತ, ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಕರಗುತ್ತಿತ್ತು.

"ಇದು ಮಡಚಲ್ವಾ?"

"ಮಡಚಬಹುದು. ಮಡಚಿದ್ರೆ ಮತ್ತೊಂದು ಹೆಣೀತೀನಿ. ನೀವು ಆ ಸೋಪಿನ ಬಾಟಲಿ ಇಲ್ಲಿಂದ ತಗೊಂಡು ಹೋಗಿ ಸಾರ್, ಪಾತ್ರೆ ತೊಳೆಯೋ ಕಡೆ ಇಡಿ."

ಯಜಮಾನರು ಬಾಟಲಿಯನ್ನೂ ಆಕೆಯನ್ನೂ ನೋಡಿದರು. ಗೊಣಗುತ್ತ ಬಾಟಲಿ ಎತ್ತಿಕೊಂಡು ಹೋದರು. ವಾಚ್‌ಮನ್ ಬರಲಿಲ್ಲ.